ಮಗ ತಿನ್ನುವ ನಾಲ್ಕೇ ಅಡುಗೆಗಳಲ್ಲಿ ಪ್ರೋಟೀನ್, ಕೊಬ್ಬು ಸೇರಿಸಿದ್ದು: ನನ್ನ ಅನುಭವ

ನನ್ನ ಮಗನಿಗೆ ಈಗ ಐದು ವರ್ಷ. ಅವನು ಮನಸ್ಸಿಟ್ಟು ತಿನ್ನೋದು ನಾಲ್ಕೇ: ದೋಸೆ, ತಿಳಿಸಾರು ಅನ್ನ, ಮೊಸರನ್ನ, ಚಪಾತಿ. ಪಲ್ಯ ಕಂಡರೆ ಮುಖ ತಿರುಗಿಸುತ್ತಾನೆ. ಬಾಯಿಗೆ ಒಂದು ಕಾಳು ಸಿಕ್ಕರೂ ನಾಲಿಗೆಯಲ್ಲೇ ಹುಡುಕಿ ಹೊರಗೆ ಹಾಕುತ್ತಾನೆ. ಇಂಥ ಮಗು ಇರುವ ಮನೆಗೆ ಬಂದವರಲ್ಲಿ ಯಾರಾದರೂ ಒಬ್ಬರು ಹಾಲಿಗೆ ಬೆರೆಸುವ ಡಬ್ಬಿ ಪೌಡರ್ ಹೆಸರು ಹೇಳೇ ಹೇಳುತ್ತಾರೆ, ಅಲ್ವಾ? ನಾನು ತರಲಿಲ್ಲ. ಅವುಗಳಲ್ಲಿ ಹೆಚ್ಚಿನವುಗಳ ಹಿಂಭಾಗ ಓದಿ ನೋಡಿ, ಸಕ್ಕರೆ ಎಷ್ಟಿದೆ ಅಂತ. ಇಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಅನ್ನೋ ಪಟ್ಟಿಯಲ್ಲಿ ಇಡಬೇಡಿ ಅಂತ ಕೇಂದ್ರ ಸರ್ಕಾರವೇ 2024ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ನಾನು ಮಾಡಿದ್ದು ಇಷ್ಟೇ, ಅವನು ಒಪ್ಪಿಕೊಂಡಿರುವ ಆ ನಾಲ್ಕರ ಒಳಗೇ ಕೈಯಾಡಿಸಿದೆ.

ಶುರು ಮಾಡುವ ಮೊದಲು ಎಷ್ಟು ಬೇಕು ಅಂತ ನೋಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯಲ್ಲಿ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್ ಅಂತಿದೆ. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ! ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿ, ಗೋಧಿಯಲ್ಲೂ ಪ್ರೋಟೀನ್ ಇರುತ್ತೆ, ಆದರೆ ಅದರಲ್ಲಿ ಲೈಸಿನ್ (ಪ್ರೋಟೀನ್‌ನ ಒಂದು ಮುಖ್ಯ ಘಟಕ) ಕಡಿಮೆ, ಅದನ್ನು ಬೇಳೆ ತುಂಬಿಕೊಡುತ್ತೆ. ಹಾಗಾಗಿ ಬೇಳೆ ಹೊಟ್ಟೆಗೆ ಹೋಗಲೇಬೇಕು.

ನಮ್ಮ ಮನೆಯ ತೊಂದರೆ ಇದ್ದಿದ್ದು ಅಲ್ಲೇ. ತಿಳಿಸಾರು ಅಂದರೆ ಏನು, ಮೇಲಿನ ನೀರು. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಕೂತಿರುತ್ತೆ. ಮಗು ದಿನಾ ಸಾರನ್ನ ತಿನ್ನುತ್ತೆ ಅಂತ ನಾವು ನೆಮ್ಮದಿಯಾಗಿರುತ್ತೇವೆ, ಅದರ ತಟ್ಟೆಗೆ ಬಿದ್ದಿರೋದು ಹುಣಸೆಹಣ್ಣು, ಉಪ್ಪು, ಒಗ್ಗರಣೆ. ಈಗ ತೊಗರಿಬೇಳೆ ಬೆಂದ ಮೇಲೆ ಎರಡು ಸೌಟು ಗಟ್ಟಿ ಬೇಳೆ ತೆಗೆದು, ಕಡೆಗೋಲಲ್ಲಿ ನುಣ್ಣಗೆ ಕಡೆದು ಇಟ್ಟುಕೊಳ್ಳುತ್ತೇನೆ. ಬಿಸಿ ಅನ್ನಕ್ಕೆ ಮೊದಲು ಅದನ್ನು ತುಪ್ಪದ ಜೊತೆ ಕಲಸಿ, ಮೇಲೆ ಅವನ ಪ್ರೀತಿಯ ಸಾರು. ಬಾಯಿಗೆ ಏನೂ ಅಡ್ಡ ಸಿಗಲ್ಲ, ರುಚಿನೂ ಅದೇ.

ತುಪ್ಪದ ವಿಷಯಕ್ಕೆ ಬರ್ತೀನಿ. ಪ್ರೋಟೀನ್ ಪ್ರೋಟೀನ್ ಅಂತ ಓಡಾಡುವ ನಾವು ಕೊಬ್ಬನ್ನು ಮರೆತೇಬಿಡುತ್ತೇವೆ. ಕಡಿಮೆ ತಿನ್ನುವ ಮಕ್ಕಳಿಗೆ ಅದು ಜಾಸ್ತಿ ಮುಖ್ಯ. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಸಿಗುತ್ತೆ, ಅನ್ನದ ಪಿಷ್ಟದಿಂದಾಗಲಿ ಪ್ರೋಟೀನ್‌ನಿಂದಾಗಲಿ ಸಿಗೋದು 4 ಮಾತ್ರ. ಒಟ್ಟು ಶಕ್ತಿಯೇ ಸಾಲದಿದ್ದರೆ ಮೈ ಬೆಳೆಸಬೇಕಾದ ಪ್ರೋಟೀನನ್ನೂ ದೇಹ ಸುಟ್ಟುಹಾಕುತ್ತೆ. ನಾಲ್ಕು ತುತ್ತಿಗೆ ಸಾಕು ಅನ್ನುವವನ ಆ ನಾಲ್ಕು ತುತ್ತೇ ಗಟ್ಟಿಯಾಗಿರಬೇಕು. ಹಾಗಂತ ಎಲ್ಲವನ್ನೂ ತುಪ್ಪದಿಂದಲೇ ತುಂಬಿಸಲಿಲ್ಲ. ಊಟಕ್ಕೆ ಒಂದು ಚಿಕ್ಕ ಚಮಚ, ಉಳಿದದ್ದು ಶೇಂಗಾ, ಎಳ್ಳು, ಅಗಸೆಯಿಂದ.

ಇಲ್ಲಿ ನನ್ನ ತವರು ಧಾರವಾಡ ಕೈಹಿಡಿಯಿತು. ನಮ್ಮ ಕಡೆ ಊಟಕ್ಕೆ ಕೂತರೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಇವುಗಳ ಪುಡಿ ತಟ್ಟೆಯಲ್ಲಿ ಇರಲೇಬೇಕು. ಶೇಂಗಾದ ತೂಕದಲ್ಲಿ ಕಾಲು ಭಾಗ ಪ್ರೋಟೀನ್, ಅರ್ಧದಷ್ಟು ಎಣ್ಣೆ. ಅವನಿಗೆ ಬೇರೆಯಾಗಿ ಮಾಡುತ್ತೇನೆ, ಒಣಮೆಣಸಿನಕಾಯಿ ಅರ್ಧ, ಬೆಲ್ಲ ಒಂದು ಚೂರು ಜಾಸ್ತಿ. ಚಪಾತಿಗೆ ತುಪ್ಪ ಸವರಿ, ಪುಡಿ ಉದುರಿಸಿ, ಸುರುಳಿ ಸುತ್ತಿ ಕೈಗೆ ಕೊಟ್ಟರೆ ಓಡಾಡುತ್ತಲೇ ಮುಗಿಸುತ್ತಾನೆ (ಕೂತು ತಿನ್ನು ಅನ್ನೋದು ಇನ್ನೂ ನಡೆದಿರುವ ಜಗಳ).

ಅಗಸೆಯನ್ನು ಇಡಿಯಾಗಿ ಕೊಟ್ಟರೆ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತೆ, ಪುಡಿ ಮಾಡಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಬೇಗ ಕಮಟು ವಾಸನೆ ಬರುವ ಪುಡಿ ಇದು, ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ. ಒಮೇಗಾ-3 ಅನ್ನೋ ಒಳ್ಳೆಯ ಕೊಬ್ಬು ಇರೋದು ಇದರಲ್ಲಿ, ಶೇಂಗಾದಲ್ಲಿ ಅಲ್ಲ. ಮೀನು ತಿನ್ನುವ ಮನೆಯವರಿಗೆ ಇಷ್ಟೆಲ್ಲ ಕಷ್ಟ ಇಲ್ಲ ಬಿಡಿ, ಬೂತಾಯಿ, ಬಂಗುಡೆಯಲ್ಲಿ ಇನ್ನೂ ಚೆನ್ನಾಗಿರೋದೇ ಸಿಗುತ್ತೆ.

ದೋಸೆ ಹಿಟ್ಟನ್ನು ಬದಲಾಯಿಸುವಾಗ ಮಾತ್ರ ತುಂಬಾ ನಿಧಾನ ಮಾಡಿದೆ. ಮಗು ನಂಬಿರುವ ತಿಂಡಿ ಒಮ್ಮೆ ಕೆಟ್ಟರೆ ಅದೂ ಪಟ್ಟಿಯಿಂದ ಹೋಗುತ್ತೆ. ಅಕ್ಕಿ ಸ್ವಲ್ಪ ತೆಗೆದು ಆ ಜಾಗಕ್ಕೆ ಒಂದು ಹಿಡಿ ಹೆಸರುಬೇಳೆ, ಮುಂದಿನ ಸಲ ಎರಡು ಹಿಡಿ. ಹೆಸರುಕಾಳು ಬೇಡ, ಹಸಿರು ಬಣ್ಣ ಕಂಡ ಕೂಡಲೇ ಸೊಪ್ಪು ಅಂತಾನೆ. ಬೇಳೆ ಜಾಸ್ತಿಯಾದಂತೆ ದೋಸೆ ಮೆತ್ತಗಾಗುತ್ತೆ, ಅದಕ್ಕೆ ಸ್ವಲ್ಪ ಕಡಲೆಬೇಳೆ ಸೇರಿಸಿದೆ, ಕೆಂಪಗೆ ಗರಿಗರಿ ಬಂತು. ಈಗ ಒಂದೂವರೆ ಕಪ್ ಅಕ್ಕಿಗೆ ಅರ್ಧ ಕಪ್ ಉದ್ದು, ಅರ್ಧ ಕಪ್ ಹೆಸರುಬೇಳೆ, ಕಾಲು ಕಪ್ ಕಡಲೆಬೇಳೆ, ಒಂದಿಷ್ಟು ಮೆಂತ್ಯ.

ಮಂಡ್ಯದಿಂದ ಬಂದಿದ್ದ ಅತ್ತೆ ಇದನ್ನು ನೋಡಿ, "ಕದ್ದುಮುಚ್ಚಿ ಹಾಕ್ಬೇಡ ಕಣಮ್ಮ, ಅವನ ಕೈಲೇ ಹಾಕ್ಸು" ಅಂದರು. ಸರಿ ಅನ್ನಿಸಿತು. ಈಗ ಬೇಳೆ ಅಳೆದು ನೆನೆಹಾಕೋದು ಅವನ ಕೆಲಸ. "ಇದು ನನ್ ದೋಸೆ" ಅಂತ ಎಲ್ಲರಿಗೂ ಹೇಳ್ತಾನೆ.

ಇದೆಲ್ಲಕ್ಕಿಂತ ಹಸಿವು ಮುಖ್ಯ. ಇಡೀ ದಿನ ಹಾಲು, ಮಧ್ಯೆ ಮಧ್ಯೆ ಬಿಸ್ಕತ್ತು ಕೊಟ್ಟು ಊಟಕ್ಕೆ ಕರೆದರೆ ಯಾವ ಮಗು ಬರುತ್ತೆ? ಹಾಲು ಎರಡು ಲೋಟಕ್ಕೆ ನಿಲ್ಲಿಸಿದೆವು. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೆಂಬಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬಿಬಿಡುತ್ತೆ. ಬಿಸ್ಕತ್ತಿನ ಹೊತ್ತಿಗೆ ಎಳ್ಳುಂಡೆ ಅಥವಾ ಹುರಿಗಡಲೆ, ಬೆಲ್ಲ, ಕೊಬ್ಬರಿ ಪುಡಿ ಮಾಡಿ ತುಪ್ಪ ಹಾಕಿ ಕಟ್ಟಿದ ಉಂಡೆ. ಬಟರ್ ಫ್ರೂಟ್ ಸಿಗುವ ದಿನಗಳಲ್ಲಿ ಅರ್ಧ ಹಣ್ಣನ್ನು ಏಲಕ್ಕಿ ಬಾಳೆಹಣ್ಣಿನ ಜೊತೆ ಕಿವುಚಿ ಕೊಡುತ್ತೇನೆ, ಸಕ್ಕರೆ ಹಾಕಲ್ಲ.

ಇಡೀ ಶೇಂಗಾ, ಬಾದಾಮಿಯನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಶೇಂಗಾ ಮೊದಲ ಸಲ ಕೊಡುವಾಗ ಚಿಟಿಕೆಯಷ್ಟು ಕೊಟ್ಟು ನೋಡಿ, ಅಲರ್ಜಿ ಇರುವ ಮಕ್ಕಳೂ ಇದ್ದಾರೆ. ತೂಕ ನಿಂತುಹೋಗಿದ್ದರೆ, ಇಳಿಯುತ್ತಿದ್ದರೆ ಈ ಪುಡಿ ಉಂಡೆ ನಂಬಿಕೊಂಡು ಕೂರದೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ನಮ್ಮ ಡಾಕ್ಟರ್ ಗ್ರೋತ್ ಚಾರ್ಟ್ ತೋರಿಸಿ, ಗೆರೆ ಸರಿಯಾಗಿ ಏರುತ್ತಿದೆ, ತಟ್ಟೆ ಹಿಡಿದು ಹಿಂದೆ ಓಡೋದು ಬಿಡಿ ಅಂದಿದ್ದಾರೆ.

ಪನೀರ್ ಇವತ್ತಿಗೂ ಮುಟ್ಟಲ್ಲ, ರಬ್ಬರ್ ಅಂತಾನೆ. ಮೊಟ್ಟೆ ಅಂದರೆ ಜೀರಿಗೆ ಪುಡಿ ಹಾಕಿದ ತೆಳ್ಳನೆ ಆಮ್ಲೆಟ್ ಮಾತ್ರ, ಬೇಯಿಸಿದ್ದಾದರೆ ಹಳದಿ ನನಗೆ, ಬಿಳಿ ಅವನಿಗೆ. ನುಚ್ಚಿನುಂಡೆಯನ್ನು ಬಿಸಿಬಿಸಿಯಾಗಿ ಮುರಿದು ತುಪ್ಪ ಹಾಕಿದರೆ ಒಂದು ತಿನ್ನುತ್ತಾನೆ, ಸಬ್ಬಸಿಗೆ ಸೊಪ್ಪು ಹಾಕದಿದ್ದರೆ ಎರಡು. ನಾನು ಅವನದ್ದಕ್ಕೆ ಹಾಕೋದನ್ನು ಬಿಟ್ಟಿದ್ದೇನೆ.