ಒಂದು ಹಿಡಿ ಅರಳೆಯಿಂದ ಒಂದು ಕೊರಳ ಸರ

ನಿಮಗೆ ಬತ್ತಿ ಹೊಸೆಯುವುದು ಬರುತ್ತದೆ ಅಂದರೆ ನೂಲುವುದು ಅರ್ಧ ಬಂದ ಹಾಗೇ. ಗೆಜ್ಜೆವಸ್ತ್ರ ಮಾಡಿದವರಿಗೆ ಮುಕ್ಕಾಲು ಬಂದ ಹಾಗೆ. ನಮ್ಮ ಅವ್ವ ಶ್ರಾವಣ ಬಂತೆಂದರೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು, ಮಾತಾಡುತ್ತಲೇ ನೂರಾರು ಬತ್ತಿ ಹೊಸೆದು ಡಬ್ಬಿ ತುಂಬಿಸುತ್ತಿದ್ದಳು. ಆಗ ನಾನು ಪಕ್ಕದಲ್ಲಿ ಸುಮ್ನೆ ನೋಡುತ್ತಾ ಕೂತವಳು. ಅಂಚೆ ಕಚೇರಿಯ ಕೌಂಟರಿನಿಂದ ನಿವೃತ್ತಳಾದ ಮೇಲೆ ತಕಲಿ, ಅಂದರೆ ಕೈಯಿಂದ ತಿರುಗಿಸಿ ನೂಲುವ ಪುಟ್ಟ ಕಡ್ಡಿ, ಹಿಡಿದೆ. ಮೊದಲ ದಿನವೇ ಬೆರಳಿಗೆ ಅವ್ವನ ಕೈ ನೆನಪಾಯಿತು.

ಈಗ ನನ್ನ ಕೊರಳಲ್ಲಿರುವ ಸರದ ದಾರ ನಾನೇ ನೂತದ್ದು, ನಾನೇ ಹೆಣೆದದ್ದು. ಮಣಿ ಮಾತ್ರ ಕೊಂಡಿದ್ದು. ಬ್ಯಾಂಕಿಗೆ ಹೋದರೂ ಅದೇ, ಮದುವೆಗೆ ಹೋದರೂ ಅದೇ. ಎಲ್ಲಿ ತಗೊಂಡಿರಿ ಅಂತ ಕೇಳುವವರು ಜಾಸ್ತಿ, ಮಾಡುವುದು ಹೇಗೆ ಅಂತ ಕೇಳುವವರು ಕಡಿಮೆ. ಆ ಕಡಿಮೆ ಜನಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹತ್ತಿ. ಔಷಧಿ ಅಂಗಡಿಯ ಹತ್ತಿ ಬೇಡ. ಅದನ್ನು ಕುದಿಸಿ, ಬಿಳುಪು ಮಾಡಿ, ಮೇಣದ ಅಂಶವನ್ನೆಲ್ಲ ತೆಗೆದಿರುತ್ತಾರೆ. ಎಳೆದರೆ ಸರಾಗವಾಗಿ ಬರುವುದಿಲ್ಲ, ಗಂಟು ಗಂಟಾಗಿ ಕಿತ್ತು ಬರುತ್ತದೆ. ಗಾದಿ ತುಂಬುವ ಅಂಗಡಿಯಲ್ಲಿ ಸಿಗುವುದು ಎಷ್ಟೋ ಸಲ ಗಿರಣಿಯ ಕಳಪೆ ಹತ್ತಿ. ಹಿತ್ತಲಲ್ಲಿ ಹತ್ತಿ ಗಿಡ ಇದ್ದರೆ ಅದೇ ಒಳ್ಳೆಯದು. ಇಲ್ಲವಾದರೆ ರೈತರ ಮನೆಯಿಂದ ಬೀಜ ಸಮೇತ ಹತ್ತಿ ತಂದುಕೊಳ್ಳಿ. ನನಗೆ ನವಲಗುಂದದ ಕಡೆಯ ನೆಂಟರು ಜಯಧರ ಹತ್ತಿ ಕೊಡುತ್ತಾರೆ. ನಮ್ಮ ಕಡೆಯ ಹಳೇ ತಳಿ ಅದು. ಎಳೆ ಗಿಡ್ಡ, ಆದರೆ ಗಟ್ಟಿ. ಗಿಡ್ಡ ಎಳೆಗೆ ತಕಲಿಯೇ ಸರಿ, ಯಾಕೆಂದರೆ ತುದಿ ಕೆಳಗೆ ಊರಿರುವುದರಿಂದ ನೂಲಿನ ಮೇಲೆ ಭಾರ ಬೀಳುವುದಿಲ್ಲ. ನೇತುಬಿಡುವ ಕದಿರಾದರೆ ಹೊಸಬರ ಕೈಯಲ್ಲಿ ಪಟ್ ಅಂತ ಹರಿಯುತ್ತದೆ.

ಒಂದು ಸರಕ್ಕೆ ಬೀಜ ತೆಗೆದ ಅರಳೆ 5 ಗ್ರಾಂ ಸಾಕು. ಬೀಜ ತೆಗೆಯುವುದು ಹೀಗೆ: ಹತ್ತಿಯನ್ನು ಮಣೆಯ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಕಬ್ಬಿಣದ ಸಣ್ಣ ಸಲಾಕೆಯನ್ನು ಒತ್ತಿ ಮುಂದಕ್ಕೆ ಉರುಳಿಸಿ. ಬೀಜ ಮುಂದೆ ಜಿಗಿಯುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ನಾಲ್ಕು ಬೀಜ ತೆಗೆಯುವಷ್ಟರಲ್ಲಿ ಕೈ ಪಳಗುತ್ತದೆ.

ಆಮೇಲೆ ಹಿಂಜುವುದು. ಹಿಂದೆ ಪಿಂಜಾರರು ಬಿಲ್ಲು ಹೊತ್ತು ಓಣಿಗೆ ಬರುತ್ತಿದ್ದರು. ಆ ತಂತಿಯ ಠೇಂಕಾರ ಕೇಳಿದರೆ ನಾವು ಮಕ್ಕಳೆಲ್ಲ ಓಡುತ್ತಿದ್ದೆವು. ಈಗ ನಾನು ಎರಡು ನಾಯಿ ಬ್ರಷ್ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ, ಅಂಗಡಿಯವನಿಗೆ ಅದನ್ನು ಹೇಳಲಿಲ್ಲ. ಸಣ್ಣ ತಂತಿ ಹಲ್ಲುಗಳಿರುವ ಬ್ರಷ್ ಬೇಕು. ಒಂದರ ಮೇಲೆ ಚಿಟಿಕೆ ಅರಳೆ ಹರಡಿ, ಇನ್ನೊಂದರಿಂದ ಮೆಲ್ಲಗೆ ಬಾಚಿ. ಕಸ ಉದುರುತ್ತದೆ, ಅರಳೆ ಮೋಡದ ಹಾಗೆ ಉಬ್ಬುತ್ತದೆ. ಅದನ್ನು ತೆಗೆದು ಹೆಣಿಗೆ ಕಡ್ಡಿಗೆ ಸಡಿಲಾಗಿ ಸುತ್ತಿ, ಅಂಗೈಯಿಂದ ಎರಡು ಸಲ ಉರುಳಿಸಿ, ಕಡ್ಡಿ ಎಳೆದುಬಿಡಿ. ಉಳಿಯುವ ಕೊಳವೆಗೆ ಹಂಜಿ ಅನ್ನುತ್ತಾರೆ. ಕಿರುಬೆರಳಷ್ಟು ದಪ್ಪ ಇರಲಿ. ಬಿಗಿಯಾಗಿ ಸುತ್ತಿದ ಹಂಜಿಯಿಂದ ಎಂಥ ಪರಿಣತರೂ ಒಳ್ಳೆಯ ನೂಲು ತೆಗೆಯಲಾರರು. ಬತ್ತಿ ಹೊಸೆದು ಅಭ್ಯಾಸ ಇರುವವರು ಎಡವುವುದು ಇಲ್ಲೇ, ಕೈ ತಾನಾಗಿ ಒತ್ತುತ್ತದೆ.

ತಕಲಿ ಕೆಲವು ಖಾದಿ ಭಂಡಾರಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಸೈಕಲ್ ಚಕ್ರದ ಹಳೇ ಕಡ್ಡಿಯೊಂದನ್ನು ತಗೊಂಡು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ ಕತ್ತರಿಸಿ. ಅದರ ಬಾಗಿದ ತುದಿಯೇ ಕೊಕ್ಕೆ. ಕೆಳತುದಿಯಿಂದ ಎರಡು ಬೆರಳು ಮೇಲೆ ಕೋಟಿನ ದೊಡ್ಡ ಗುಂಡಿ ಸಿಕ್ಕಿಸಿ ಎಂ-ಸೀಲ್ ಹಚ್ಚಿ. ಗುಂಡಿ ಓರೆಯಾಗಿ ಕೂತರೆ ತಕಲಿ ಕುಡಿದವರ ಹಾಗೆ ತೂರಾಡುತ್ತದೆ. ಹಾಗಾಗಿ ಒಣಗುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಕೆಳತುದಿಯನ್ನು ಅರದಿಂದ ನುಣ್ಣಗೆ ಉಜ್ಜಿ, ತೆಂಗಿನ ಕರಟದಲ್ಲಿ ಊರಿ ತಿರುಗಿಸಿ.

ಇನ್ನು ನೂಲುವುದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಒಂದು ಮೊಳ ಹೊಲಿಗೆ ದಾರವನ್ನು ಗುಂಡಿಯ ಮೇಲ್ಭಾಗದಲ್ಲಿ ಕಟ್ಟಿ, ಮೇಲಕ್ಕೆ ಸುತ್ತುತ್ತಾ ತಂದು ಕೊಕ್ಕೆಗೆ ಸಿಕ್ಕಿಸಿ. ಆ ದಾರದ ತುದಿಯನ್ನು ಹಂಜಿಯ ಬಾಯಿಯ ಅರಳೆಯೊಳಗೆ ಎರಡು ಬೆರಳಷ್ಟು ಸೇರಿಸಿ ಎಡಗೈಯಲ್ಲಿ ಹಿಡಿಯಿರಿ. ಬಲಗೈಯಿಂದ ತಕಲಿಯನ್ನು ಬುಗುರಿಯ ಹಾಗೆ ಬಲಕ್ಕೆ ತಿರುಗಿಸಿ. ಹಾಗೆ ತಿರುಗಿದಾಗ ಬೀಳುವ ತಿರುಚು, ಅಂದರೆ ಹುರಿ, ದಾರದಲ್ಲಿ ಏರಿ ಬಂದು ಅರಳೆಯನ್ನು ಕಚ್ಚುವುದು ಬೆರಳಿಗೇ ಗೊತ್ತಾಗುತ್ತದೆ. ಕಚ್ಚಿತು ಅಂದ ಕ್ಷಣ ಎಡಗೈ ಹಿಂದಕ್ಕೆ ಎಳೆಯಬೇಕು. ಮೊದಲು ಬರುವ ನೂಲು ಏರುಪೇರಾಗಿರುತ್ತದೆ, ಇಲ್ಲಿ ದಪ್ಪ ಅಲ್ಲಿ ತೆಳು. ಗಾಬರಿಯಾಗಿ ನಿಲ್ಲಿಸಬೇಡಿ. ಹುರಿ ಯಾವಾಗಲೂ ತೆಳುವಾದ ಜಾಗಕ್ಕೆ ಮೊದಲು ಓಡುತ್ತದೆ. ಅಲ್ಲಿ ನೂಲು ಗಟ್ಟಿಯಾಗುತ್ತದೆ. ದಪ್ಪ ಜಾಗದಲ್ಲಿ ಹುರಿ ಕಡಿಮೆ, ಅಲ್ಲಿ ಅರಳೆ ಇನ್ನೂ ಸಡಿಲ. ಇನ್ನಷ್ಟು ಎಳೆದರೆ ಆ ದಪ್ಪ ಜಾಗವೇ ಹಿಗ್ಗಿ ತೆಳ್ಳಗಾಗುತ್ತದೆ. ಕಣ್ಣೆದುರಿಗೇ ಗಂಟು ಕರಗಿ ನೂಲಾಗುವುದನ್ನು ನೋಡಬೇಕು, ನನಗಂತೂ ಇನ್ನೂ ಬೇಜಾರಾಗಿಲ್ಲ. ತೋಳು ಚಾಚುವಷ್ಟು ನೂಲು ಬಂದ ಮೇಲೆ ಇನ್ನೊಂದೆರಡು ಸುತ್ತು ಹುರಿ ಕೊಟ್ಟು, ಕೊಕ್ಕೆಯಿಂದ ಬಿಡಿಸಿ, ಗುಂಡಿಯ ಮೇಲೆ ಸುತ್ತಿಕೊಳ್ಳಿ. ಮತ್ತೆ ಕೊಕ್ಕೆಗೆ ಹಾಕಿ, ಮತ್ತೆ ತಿರುಗಿಸಿ.

ಹುರಿ ಸಾಕಾಯಿತಾ ಅಂತ ನೋಡಲು ನೂಲನ್ನು ಸ್ವಲ್ಪ ಸಡಿಲ ಬಿಡಿ. ತಾನೇ ಜೋಡಿಯಾಗಿ ಸುತ್ತಿಕೊಂಡರೆ ಸಾಕು. ಸುಮ್ನೆ ಜೋತುಬಿದ್ದರೆ ಕಡಿಮೆ. ಗಂಟು ಗಂಟಾಗಿ ಮುದುಡಿದರೆ ಜಾಸ್ತಿ.

ಹವೆಯನ್ನೂ ನೋಡಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹತ್ತಿ ಹೇಳಿದ ಮಾತು ಕೇಳುತ್ತದೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ಮಾರುದ್ದಕ್ಕೊಂದು ಸಲ ಹರಿಯುತ್ತದೆ. ಬೇಸಿಗೆಯಲ್ಲಿ ನಾನು ಹಂಜಿಗಳನ್ನು ಒದ್ದೆ ಬಟ್ಟೆಯ ಪಕ್ಕ ಡಬ್ಬಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಬೇಗ ನೂಲುತ್ತೇನೆ.

ನನ್ನ ವೇಗ ಗಂಟೆಗೆ 40 ಮೀಟರ್, ಅಷ್ಟೇ. 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅಂತ ಗೊತ್ತು ಮಾಡಿದ್ದರು. ಲೆಕ್ಕ ಹಾಕಿದೆ, ನನಗೆ ದಿನಾ ಒಂದೂವರೆ ಗಂಟೆ ಬೇಕು. ಸದಸ್ಯತ್ವ ಸಿಗುತ್ತಿತ್ತೋ ಇಲ್ಲವೋ! ಸರಕ್ಕೆ ಅಷ್ಟೆಲ್ಲ ಬೇಡ. 30 ಮೀಟರ್ ಒಂಟಿ ಎಳೆ ಸಾಕು. ಇನ್ನೂ ಐದು ಮೀಟರ್ ಜಾಸ್ತಿ ಇದ್ದರೆ ಧೈರ್ಯ.

ಒಂಟಿ ಎಳೆಯಲ್ಲೇ ಹೆಣೆಯಲು ಹೋಗಬೇಡಿ. ನಾನು ಹೋಗಿದ್ದೆ. ಮೊದಲ ಸಲ ನೂತ ನೂಲಿನಿಂದ ಚಂದಗೆ ಒಂದು ಕೈವಸ್ತ್ರ ಹೆಣೆದೆ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಒಗೆದು ಒಣ ಹಾಕಿದರೆ ಚೌಕ ಹೋಗಿ ಶಂಕರಪೋಳಿಯ ಆಕಾರ! ಎಷ್ಟು ಎಳೆದು ಸರಿ ಮಾಡಿದರೂ ಮತ್ತೆ ವಾರೆ. ನೂಲಿನಲ್ಲಿ ಉಳಿದ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಬಟ್ಟೆಯನ್ನೂ ತನ್ನ ಜೊತೆ ತಿರುಚುತ್ತದೆ. ಎರಡು ಎಳೆ ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡಿದರೆ ಎರಡೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ಅದಕ್ಕೆ ನೂಲನ್ನು ಎರಡು ಉಂಡೆ ಮಾಡಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡು ತಂಬಿಗೆಗಳಲ್ಲಿ ಒಂದೊಂದು ಉಂಡೆ ಇಟ್ಟರೆ ಮಂಚದ ಕೆಳಗೆ ಉರುಳಿ ಹೋಗುವುದಿಲ್ಲ. ಎರಡೂ ತುದಿ ಜೋಡಿಸಿ ತಕಲಿಗೆ ಕಟ್ಟಿ, ಈ ಸಲ ಎಡಕ್ಕೆ ತಿರುಗಿಸಿ. ಎರಡೂ ಎಳೆ ಒಂದೇ ಬಿಗಿಯಲ್ಲಿರಲಿ. ಒಂದು ಸಡಿಲಾದರೆ ಅದು ಇನ್ನೊಂದರ ಮೇಲೆ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಮುಗಿದ ಮೇಲೆ ಮೊಣಕೈಗೂ ಅಂಗೈಗೂ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ. ಒಂದೇ ಕಡೆ ಕಟ್ಟಿ ಕುದಿಸಿದ ನಾನು ಇಡೀ ಮಧ್ಯಾಹ್ನ ಸಿಕ್ಕು ಬಿಡಿಸುತ್ತಾ ಕೂತಿದ್ದೆ. ಅತ್ತೆಯವರು ಹಾಯುವಾಗೆಲ್ಲ ನೋಡಿ, "ಅಂಗಡ್ಯಾಗ ಇಪ್ಪತ್ತ ರೂಪಾಯಿಗೆ ದಾರ ಸಿಗ್ತದಲ್ಲವಾ" ಅಂದರು. ಮೂರು ಸಲ ಅಂದರು.

ಇನ್ನೂ ಕುದಿಸದ ನೂಲನ್ನು ನೀರಿಗೆ ಹಾಕಿದರೆ ತೇಲುತ್ತದೆ, ಅದರ ಮೇಲಿನ ಮೇಣ ನೀರನ್ನು ಒಳಗೆ ಬಿಡುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರ್ ನೀರು, ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗಿ ನೂಲು ತಳಕ್ಕೆ ಇಳಿಯಿತು ಅಂದರೆ ಮೇಣ ಹೋಯಿತು, ಹುರಿಯೂ ಕೂತಿತು. ಚೆನ್ನಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ.

ಬಣ್ಣ ಬೇಕಾದವರಿಗೆ ಒಂದೇ ಮಾತು: ಅರಿಶಿನ ಬೇಡ, ಬಿಸಿಲಿಗೆ ಹೋಗಿಬಿಡುತ್ತದೆ. ಸಿರ್ಸಿಗೆ ಕೊಟ್ಟ ನನ್ನ ತಂಗಿ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು ಗಟ್ಟಿಯಾದದ್ದು, ಕಳಿಸುತ್ತಾಳೆ. ನೀರಲ್ಲಿ ಕಲಸಿ ನೂಲನ್ನು ಅದರಲ್ಲಿ ಕುದಿಸಿದರೆ ಇಟ್ಟಿಗೆಯಂಥ ಕಂದು ಬಣ್ಣ ಬರುತ್ತದೆ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಚೊಗರಿನಿಂದಲೂ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ.

ಹೆಣಿಗೆ ಸುಲಭ. ಎರಡೂ ಕಡೆ ಮೊನೆ ಇರುವ ಕಡ್ಡಿ ಬೇಕು, ಕಾಲುಚೀಲ ಹೆಣೆಯುವುದು. ನಂಬರ್ 12 ಕೇಳಿ. ನಮ್ಮ ಅಂಗಡಿಗಳಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ತೆಳ್ಳಗಿರುತ್ತದೆ. 12 ಅಂದರೆ 2.75 ಮಿಲಿಮೀಟರ್. ನಾಲ್ಕು ಕುಣಿಕೆ ಹಾಕಿ ಸೀದಾ ಹೆಣೆಯಿರಿ. ಸಾಲು ಮುಗಿದ ಮೇಲೆ ಕಡ್ಡಿಯನ್ನು ತಿರುಗಿಸಬೇಡಿ. ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ನೂಲನ್ನು ಹಿಂದಿನಿಂದ ಬಿಗಿಯಾಗಿ ಎಳೆದು ತಂದು ಮತ್ತೆ ಸೀದಾ. ಹತ್ತು ಸಾಲಾದ ಮೇಲೆ ಕೆಳಗೆ ಹಿಡಿದು ಜಗ್ಗಿ. ಪಟ್ಟಿಯ ಹಾಗಿದ್ದದ್ದು ದುಂಡಗೆ ಬಳ್ಳಿಯಾಗುತ್ತದೆ. ಕಡ್ಡಿ ಹಿಡಿದು ಗೊತ್ತಿಲ್ಲದವರು ಮರದ ದಾರದ ರೀಲಿಗೆ ನಾಲ್ಕು ಮೊಳೆ ಹೊಡೆದು ಮಾಡಬಹುದು, ಶಾಲೆಯಲ್ಲಿ ಮಾಡಿದ್ದು ನೆನಪಿದೆ ಅಲ್ವಾ? 60 ಸೆಂಟಿಮೀಟರ್ ಬಳ್ಳಿಗೆ ಸುಮಾರು 10 ಮೀಟರ್ ಜೋಡಿ ಎಳೆ ಹಿಡಿಯುತ್ತದೆ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದರೆ ಮುಗಿಯುತ್ತದೆ.

ಮಣಿಗೆ ನಾನು ಚನ್ನಪಟ್ಟಣದ ಮರದ ಮಣಿಯನ್ನೇ ಹಾಕುತ್ತೇನೆ. ಹಗುರ, ಹತ್ತಿ ದಾರವನ್ನು ಕೆಳಕ್ಕೆ ಜಗ್ಗುವುದಿಲ್ಲ. ಕೊಳ್ಳುವಾಗ ಬಳ್ಳಿಯ ತುಂಡನ್ನು ಜೊತೆಗೆ ಒಯ್ದು ತೂತಿನಲ್ಲಿ ತೂರಿಸಿ ನೋಡಿ. ಗಾಜಿನ ಮಣಿಯ ತೂತಿನ ಅಂಚು ಚೂಪಾಗಿದ್ದರೆ ದಾರವನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಇನ್ನೊಂದು, ಗುಲಗಂಜಿ ಚಂದ ಅಂತ ತೂತು ಮಾಡಿ ಪೋಣಿಸಬೇಡಿ. ಸಿಪ್ಪೆ ಒಡೆದರೆ ಒಳಗಿರುವುದು ಕಡು ವಿಷ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಪೋಣಿಸಲು ಬಳ್ಳಿಯ ತುದಿಯನ್ನು ಫೆವಿಕಾಲ್‌ನಲ್ಲಿ ಅದ್ದಿ, ಬೆರಳಿಂದ ಹೊಸೆದು ಒಣಗಿಸಿ. ಬೂಟಿನ ದಾರದ ತುದಿಯ ಹಾಗೆ ಗಟ್ಟಿಯಾಗುತ್ತದೆ, ಸೂಜಿಯೇ ಬೇಡ. ನಡುವೆ ದೊಡ್ಡ ಮಣಿ ಒಂದು, ಆಚೆ ಈಚೆ ಮೂರು ಮೂರು, ಪ್ರತಿ ಮಣಿಯ ಪಕ್ಕ ಒಂದು ಗಂಟು. ಕೊಂಡಿ ಹಾಕುವುದಿಲ್ಲ ನಾನು, ಕುತ್ತಿಗೆಯ ಹಿಂದೆ ಕೂದಲು ಸಿಕ್ಕುತ್ತದೆ. ಬಲತುದಿಯನ್ನು ಎಡಬಳ್ಳಿಯ ಸುತ್ತ, ಎಡತುದಿಯನ್ನು ಬಲಬಳ್ಳಿಯ ಸುತ್ತ ಗಂಟು ಹಾಕಿ. ಗಂಟುಗಳನ್ನು ದೂರ ಎಳೆದರೆ ಸರ ಗಿಡ್ಡ, ಹತ್ತಿರ ತಂದರೆ ಉದ್ದ, ತಲೆಯ ಮೇಲಿಂದಲೇ ಹಾಕಿಕೊಳ್ಳಬಹುದು.

ದಾರ ಬೆವರಿಗೆ ಕೊಳೆಯಾಗುತ್ತದೆ, ಒಗೆಯಲೇಬೇಕು. ಆದರೆ ಮಣಿ ಸಮೇತ ಬಿಸಿನೀರಿಗೆ ಹಾಕಬೇಡಿ. ಚನ್ನಪಟ್ಟಣದ ಮಣಿ ಮಾಡುವ ಹಾಲೆ ಮರ ಕಡೆಯುವ ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಗೆ ಹತ್ತಿದ ಹೊಳಪು ಬಿಸಿಗೇ ಮಂಕಾಗುತ್ತದೆ. ನನ್ನ ಮೊದಲ ಸರದ ಏಳು ಮಣಿಗಳೂ ಹಾಗೇ ಕೆಟ್ಟವು. ಗಂಟು ಬಿಚ್ಚಿ, ಮಣಿ ತೆಗೆದಿಟ್ಟು, ದಾರ ಮಾತ್ರ ಒಗೆಯಿರಿ.

ಉಳಿದ ತುಂಡು ನೂಲನ್ನು ಎಸೆಯಬೇಡಿ. ಬಣ್ಣ ಹಾಕದ, ಕುದಿಸಿದ ತುಂಡುಗಳನ್ನು ಅತ್ತೆಯವರು ಆರಿಸಿಕೊಂಡು ಬತ್ತಿ ಮಾಡುತ್ತಾರೆ, ಮೇಣ ಹೋಗಿರುವುದರಿಂದ ಎಣ್ಣೆ ಬೇಗ ಹೀರುತ್ತದೆ. ಚೊಗರಿನ ತುಂಡುಗಳಿಂದ ನಾನು ಹಿತ್ತಲಲ್ಲಿ ಟೊಮೆಟೊ ಗಿಡ ಕಟ್ಟುತ್ತೇನೆ.