ಮುಖದ ಸೂಜಿಗೆ ಮೊದಲು ಕೈ ಚಾಚಿ

ಮುಖಕ್ಕೆ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಲು ಬರುವವರು ಕೆನ್ನೆಯನ್ನು ಎರಡು ಬೆರಳಲ್ಲಿ ಮೇಲಕ್ಕೆಳೆದು ತೋರಿಸುತ್ತಾರೆ. "ಇಷ್ಟಾದ್ರೆ ಸಾಕು." ಶುರುವಿನಲ್ಲಿ ನಾನೂ ಅದನ್ನೇ ನಂಬಿ, ಗೆರೆ ಕಂಡಲ್ಲೆಲ್ಲಾ ಸೂಜಿ ಹಾಕುತ್ತಿದ್ದೆ. ಒಂದೊಂದು ಮುಖಕ್ಕೆ 40 ದಾಟುತ್ತಿತ್ತು.

ಆ ಚಟ ಬಿಡಿಸಿದ್ದು ಒಂದು ನೀಲಿ ಗುರುತು. ಸಿಬಾಯ್ ಅಂತ ಒಂದು ಬಿಂದು ಇದೆ. ನೇರ ನೋಡುವಾಗ ಕಣ್ಣಪಾಪೆಯ ಕೆಳಗೆ, ಮೂಳೆಯ ಮೇಲೆ ಬೆರಳಿಗೆ ಸಿಗುವ ಸಣ್ಣ ಗುಳಿ. ಅಲ್ಲಿ ಚರ್ಮ ತೆಳು, ರಕ್ತನಾಳ ಜಾಸ್ತಿ. ಒಬ್ಬ ಮಹಿಳೆಗೆ ಅಲ್ಲಿ ಹಾಕಿದ್ದ ಸೂಜಿ ತೆಗೆದವನು ಹತ್ತಿಯನ್ನು ಸುಮ್ನೆ ಒಮ್ಮೆ ಮುಟ್ಟಿಸಿ ಮುಂದಿನದಕ್ಕೆ ಹೋದೆ. ಇನ್ನೂ ಮೂವತ್ತು ಸೂಜಿ ತೆಗೆಯುವುದಿತ್ತಲ್ಲ. ಸಂಜೆ ಆಕೆ ಫೋಟೊ ಕಳಿಸಿದರು, ಯಾರೋ ಗುದ್ದಿದ ಹಾಗಿತ್ತು. ಅದು ಹಸಿರಾಗಿ, ಹಳದಿಯಾಗಿ ಮಾಯಲು ಹತ್ತು ದಿನ ಹಿಡಿಯಿತು. ತಪ್ಪು ನನ್ನದೇ.

ಈಗ ಕೈಕಾಲಿನಿಂದ ಶುರು ಮಾಡುತ್ತೇನೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಹೆಗು, ಮಂಡಿಯ ಕೆಳಗಿನ ಜುಸಾನ್ಲಿ. ಮುಖ ತೋರಿಸಿದರೆ ಕಾಲಿಗೆ ಚುಚ್ಚುತ್ತೀರಲ್ಲ ಅಂತ ನಗುವವರಿದ್ದಾರೆ. ಚೀನೀ ವೈದ್ಯಪದ್ಧತಿಯಲ್ಲಿ ನಾಡಿ ಎಂದರೆ ದೇಹದ ಶಕ್ತಿ ಹರಿಯುವ ದಾರಿ. ಹೆಗು ಸೇರಿರುವ ದೊಡ್ಡ ಕರುಳಿನ ನಾಡಿ, ಜುಸಾನ್ಲಿ ಸೇರಿರುವ ಹೊಟ್ಟೆಯ ನಾಡಿ ಎರಡೂ ಯಾಂಗ್‌ಮಿಂಗ್ ಎಂಬ ಗುಂಪಿನವು, ಎರಡೂ ಮುಖದಲ್ಲಿ ಹರಿಯುತ್ತವೆ ಎನ್ನುತ್ತದೆ ಆ ಪದ್ಧತಿ. ಹೆಣ್ಣಿಗೆ 35ರ ಹೊತ್ತಿಗೆ ಯಾಂಗ್‌ಮಿಂಗ್ ಕುಗ್ಗಿ ಮುಖ ಬಾಡಲು ಶುರುವಾಗುತ್ತದೆ ಅಂತ ಅವರ ಹಳೇ ಗ್ರಂಥ ಹುವಾಂಗ್‌ಡಿ ನೈಜಿಂಗ್‌ನಲ್ಲೇ ಇದೆ. ಗರ್ಭಿಣಿಯರಿಗೆ ಮಾತ್ರ ಹೆಗು ಮುಟ್ಟುವುದಿಲ್ಲ.

ಮುಖಕ್ಕೆ ಈಗ 10–12 ಸೂಜಿ ಅಷ್ಟೇ. ದಪ್ಪ 0.16 ಮಿ.ಮೀ., ಒಮ್ಮೆ ಬಳಸಿ ಎಸೆಯುವಂಥವು. ಹುಬ್ಬುಗಳ ನಡುವಿನ ಯಿನ್‌ಟಾಂಗ್‌ನಲ್ಲಿ ಚರ್ಮವನ್ನು ಚಿವುಟಿ ಎತ್ತಿ, ಮೂಗಿನ ಕಡೆಗೆ ಸೂಜಿಯನ್ನು ಮಲಗಿಸಿದ ಹಾಗೆ ಜಾರಿಸುತ್ತೇನೆ. ಸದಾ ಹುಬ್ಬು ಗಂಟಿಕ್ಕುವವರಲ್ಲಿ ಅಲ್ಲಿನ ಚರ್ಮ ಬೆರಳಿಗೆ ಸಿಗುವುದೇ ಇಲ್ಲ, ಅಷ್ಟು ಬಿಗಿ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಸಡಿಲವಾಗಿರುತ್ತದೆ. ತೆಗೆದ ಮೇಲೆ ಪ್ರತಿ ಬಿಂದುವನ್ನೂ ಅರವತ್ತು ಎಣಿಸುವವರೆಗೆ ಒತ್ತಿ ಹಿಡಿಯುತ್ತೇನೆ. ಸೂಜಿಗಳನ್ನೂ ಎಣಿಸುತ್ತೇನೆ, ಕೂದಲಂಚಿನದು ಮರೆತುಹೋಗುವ ಜಾತಿ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರನ್ನೂ, ಈಚೆಗೆ ಮುಖಕ್ಕೆ ಬೊಟಾಕ್ಸ್, ಫಿಲ್ಲರ್ ಚುಚ್ಚುಮದ್ದು ಹಾಕಿಸಿಕೊಂಡವರನ್ನೂ ವಾಪಸ್ ಕಳಿಸುತ್ತೇನೆ.

ಆ ನೀಲಿ ಗುರುತಿನವರು ತಿಂಗಳು ಬಿಟ್ಟು ಮತ್ತೆ ಬಂದರು. ಕಣ್ಣ ಕೆಳಗೆ ಬೇಡ ಅನ್ನುವುದು ಷರತ್ತು. ಒಂದೇ ಕಿಟಕಿ, ಒಂದೇ ಹೊತ್ತು, ಹಾಗೆ ಪ್ರತಿ ಸಲ ಫೋಟೊ ತೆಗೆದೆ. ಎಂಟನೇ ಸಲದ ಹೊತ್ತಿಗೆ ಬೆಳಗಿನ ಊತ ಇಳಿದಿತ್ತು, ಹಣೆ ತಿಳಿಯಾಗಿತ್ತು. ಮೂಗಿನಿಂದ ಬಾಯಿವರೆಗಿನ ಗೆರೆ ಇದ್ದ ಹಾಗೇ ಇತ್ತು. ಅದನ್ನೂ ಬೆರಳಿಟ್ಟು ತೋರಿಸಿದೆ.

"ಇರ್ಲಿ ಬಿಡಿ, ಸಿಟ್ಟು ಬಂದೋಳ ಥರ ಕಾಣಲ್ಲ ಅಲ್ವಾ ಈಗ?" ಅಂದರು. ಕೆನ್ನೆ ಎಳೆದು ತೋರಿಸುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.