‘ನೌ’ ಎಂಬ ಚಿಕ್ಕ ಪದದ ದೊಡ್ಡ ಕಾಟ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಹೊಟ್ಟೆ ಹೊರೆಯುವವನು ನಾನು. ಕಠಿಣ ಪದಗಳು ನನ್ನನ್ನು ಅಷ್ಟಾಗಿ ಕಾಡಿಲ್ಲ. ಅವುಗಳಿಗೆ ನಿಘಂಟಿದೆ, ಕೇಳಿದರೆ ಹೇಳುವ ಬಲ್ಲವರಿದ್ದಾರೆ. ನನ್ನ ಮಾನ ಕಳೆದದ್ದು ಶಾಲೆಯ ಮಕ್ಕಳಿಗೂ ಗೊತ್ತಿರುವ ‘ನೌ’.

ದಕ್ಷಿಣ ಆಫ್ರಿಕಾದ ಒಂದು ಕಥೆ ಕೈಗೆ ಬಂದಿತ್ತು. ಬಾಗಿಲಿನ ಚಿಲಕ ಸರಿಮಾಡು ಎಂದು ಹೆಂಡತಿ ಹೇಳುತ್ತಾಳೆ, ಗಂಡ ‘ಜಸ್ಟ್ ನೌ’ ಎನ್ನುತ್ತಾನೆ. ‘ಈಗಲೇ ಮಾಡುತ್ತೇನೆ’ ಎಂದು ಬರೆದೆ. ಮುಂದಿನ ಪುಟದಲ್ಲಿ ಆತ ಗಾಳ ಹಿಡಿದು ಮೀನಿಗೆ ಹೊರಟ. ಹೆಂಡತಿಗೆ ಸಿಟ್ಟೂ ಬರಲಿಲ್ಲ. ವಿಚಿತ್ರ ದಂಪತಿ ಎಂದುಕೊಂಡು ಹಾಗೆಯೇ ಅಚ್ಚಿಗೆ ಕೊಟ್ಟೆ. ಡರ್ಬನ್ನಿನಲ್ಲಿ ಕೆಲವು ವರ್ಷ ಇದ್ದು ಬಂದ ಓದುಗರೊಬ್ಬರು ಫೋನ್ ಮಾಡಿ ತಿದ್ದಿದರು. ಅಲ್ಲಿಯ ಇಂಗ್ಲಿಷಿನಲ್ಲಿ ‘ಜಸ್ಟ್ ನೌ’ ಎಂದರೆ ಆಮೇಲೆ ಯಾವಾಗಲಾದರೂ ಎಂದು. ‘ನೌ ನೌ’ ಎಂದರೆ ಅದಕ್ಕಿಂತ ಸ್ವಲ್ಪ ಬೇಗ. ಎರಡರ ಮೇಲೂ ಆಫ್ರಿಕಾನ್ಸ್ ಭಾಷೆಯ ನೆರಳಿದೆ. ಪಾಪ, ಆ ಗಂಡ ಸುಳ್ಳು ಹೇಳಿರಲಿಲ್ಲ.

ಅವರನ್ನು ನೋಡಿ ನಗುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕರೆದರೆ ನಾನು ‘ಈಗ ಬಂದೆ’ ಎನ್ನುತ್ತೇನೆ. ಕ್ರಿಯಾಪದ ಭೂತಕಾಲದ್ದು, ಆಸಾಮಿ ಇನ್ನೂ ಕುರ್ಚಿ ಬಿಟ್ಟಿಲ್ಲ. ಅದೇ ‘ಈಗ ಬಂದೆ’ಯನ್ನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದರೆ ನಿಜವಾಗಿಯೂ ಬಂದಾಗಿದೆ. ಯಾವ ‘ಬಂದೆ’ ಯಾವುದೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯ ಮುದ್ರಣದಲ್ಲಿ ಆ ಗಂಡನ ಬಾಯಿಗೆ ‘ಆಯಿತು ಎಂದುಕೋ’ ಎಂಬ ಮಾತನ್ನಿಟ್ಟೆ. ಈ ಮಾತು ಕೇಳಿದ ಯಾವ ಹೆಂಡತಿಯೂ ಚಿಲಕದ ದಾರಿ ಕಾಯುವುದಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಮೊದಲ ಓದಿನಲ್ಲಿಯೇ ಎಲ್ಲ ‘ನೌ’ಗಳಿಗೂ ಪೆನ್ಸಿಲ್ ಸುತ್ತು ಹಾಕುತ್ತೇನೆ. ಅನುವಾದಿಸುವಾಗ ಅದರ ಜಾಗದಲ್ಲಿ ‘ಈ ಹೊತ್ತಿನಲ್ಲಿ’ ಎಂದಿಟ್ಟು ಗಟ್ಟಿಯಾಗಿ ಓದುತ್ತೇನೆ. ವಾಕ್ಯ ನಿಂತರೆ ಅದು ಗಡಿಯಾರದ ‘ನೌ’. ‘ಈಗ’, ‘ಇದೀಗ’, ‘ಸದ್ಯಕ್ಕೆ’ಗಳಲ್ಲಿ ಒಂದು ಒಪ್ಪುತ್ತದೆ. ಕುಸಿದರೆ ಅದು ಬೇರೆ ಏನೋ ಕೆಲಸ ಮಾಡುತ್ತಿದೆ ಎಂದರ್ಥ. ಮಾತಿನ ಮೊದಲಲ್ಲಿ ಕುಳಿತು ವಿಷಯ ತಿರುಗಿಸುವ ‘ನೌ’ಗೆ ನಮ್ಮ ‘ಇನ್ನು’ ಹೇಳಿಮಾಡಿಸಿದ ಜೋಡಿ: ‘ಇನ್ನು ಸಾಲದ ವಿಚಾರ.’ ಅಳುವ ಮಗುವಿನ ಬೆನ್ನು ಸವರುವ ‘ನೌ, ನೌ’ ಕನ್ನಡದಲ್ಲಿ ‘ಇಲ್ಲ ಕಂದ, ಇಲ್ಲ’ ಆಗುತ್ತದೆ. ಕಾಲದ ಸೊಲ್ಲೇ ಇಲ್ಲ. ‘ನೌ ದಟ್’ ಎಂದು ಶುರುವಾದರೆ ‘ಹೇಗೂ’ ನೆನಪಿಗೆ ಬರಬೇಕು: ‘ಹೇಗೂ ಬಂದಿದ್ದೀರಿ, ಊಟ ಮಾಡಿಕೊಂಡೇ ಹೋಗಿ.’ ‘ನೌ ಅಂಡ್ ದೆನ್’ ನಮ್ಮಲ್ಲಿ ತಲೆಕೆಳಗು. ಅವರು ಈಗಿನಿಂದ ಆಗಿಗೆ ಹೋಗುತ್ತಾರೆ, ನಾವು ‘ಆಗೊಮ್ಮೆ ಈಗೊಮ್ಮೆ’ ಎಂದು ಆಗಿನಿಂದ ಈಗಿಗೆ ಬರುತ್ತೇವೆ.

ಕಾದಂಬರಿಯ ಭೂತಕಾಲದ ನಿರೂಪಣೆಯಲ್ಲಿ ಬರುವ ‘ನೌ’ ಬಗ್ಗೆ ನನಗೂ ಒಬ್ಬ ಸಂಪಾದಕರಿಗೂ ಜಗಳವೇ ಆಗಿತ್ತು. ನಡೆದುಹೋದ ಕಥೆಯಲ್ಲಿ ‘ಈಗ’ ಎಲ್ಲಿಂದ ಬಂತು ಎಂದು ಅವರು ನನ್ನ ‘ಈಗ’ಗಳನ್ನೆಲ್ಲ ‘ಆಗ’ ಮಾಡಿದರು. ‘ಈಗ ಅವಳಿಗೆ ಭಯವಾಯಿತು’ ಎಂದರೆ ಓದುಗ ಅವಳ ಪಕ್ಕದಲ್ಲಿ ನಿಂತಿರುತ್ತಾನೆ, ‘ಆಗ’ ಎಂದರೆ ಎದುರಿನ ಜಗಲಿಯಲ್ಲಿ ಕುಳಿತು ನೋಡುತ್ತಾನೆ ಎಂದು ನನ್ನ ವಾದ. ಈಗಲೂ ಅದೇ ನನ್ನ ನಿಲುವು. ಆದರೆ ಆ ಜಗಳದಿಂದ ಲಾಭವೂ ಆಯಿತು. ‘ಅವನು ಈಗ ಮುದುಕನಾಗಿದ್ದ’ ಎಂಬ ನನ್ನ ವಾಕ್ಯದಲ್ಲಿ ‘ಈಗ’ ಬೇಕೇ ಇರಲಿಲ್ಲ. ಮೊದಲು ಹಾಗಿರಲಿಲ್ಲ, ಬಳಿಕ ಹಾಗಾದ ಎಂಬುದನ್ನು ‘ಆಗು’ ಧಾತುವೇ ಹೊತ್ತಿದೆ. ‘ಅವನಿಗೆ ವಯಸ್ಸಾಗಿತ್ತು’ ಎಂದರೆ ಮುಗಿಯಿತು. ಇಂಗ್ಲಿಷಿನ ‘ವಾಸ್’ ಒಂಟಿಯಾಗಿ ಆ ಭಾರ ಹೊರಲಾರದೆ ‘ನೌ’ ಅನ್ನು ಕರೆದುಕೊಳ್ಳುತ್ತದೆ. ಆ ಕರಡನ್ನು ಮತ್ತೆ ಕೂತು ತಿದ್ದಿದಾಗ ಅರ್ಧಕ್ಕರ್ಧ ‘ಈಗ’ಗಳು ಉದುರಿಹೋದವು.

ಒಮ್ಮೆ ವೇದಾಂತದ ಇಂಗ್ಲಿಷ್ ಪುಸ್ತಕವೊಂದು ಬಂತು. ಬ್ರಹ್ಮಸೂತ್ರದ ಮೊದಲ ಸೂತ್ರ ‘ಅಥಾತೋ ಬ್ರಹ್ಮಜಿಜ್ಞಾಸಾ’ದ ‘ಅಥ’ಕ್ಕೆ ಅದರಲ್ಲಿ ‘ನೌ’ ಎಂದಿತ್ತು. ನಾನು ಅದನ್ನು ‘ಈಗ’ ಎಂದು ಕನ್ನಡಕ್ಕೆ ತಂದಿದ್ದರೆ ಮಠದ ಮುಂದೆ ತಲೆಯೆತ್ತಿ ನಡೆಯುವಂತಿರಲಿಲ್ಲ. ಶಂಕರಾಚಾರ್ಯರು ಆ ಒಂದು ‘ಅಥ’ದ ಮುಂದೆ ನಿಂತು, ಇದು ಆರಂಭವನ್ನು ಹೇಳುವ ಶಬ್ದವಲ್ಲ, ಆನಂತರ್ಯವನ್ನು ಹೇಳುವಂಥದ್ದು, ಎಂದರೆ ‘ಅದಾದ ಮೇಲೆ’ ಎಂದು ವಾದಿಸಿದ್ದಾರೆ. ಯೋಗಸೂತ್ರದ ‘ಅಥ ಯೋಗಾನುಶಾಸನಮ್’ಗೆ ಬಂದರೆ, ಅಲ್ಲಿಯ ‘ಅಥ’ ಆರಂಭಸೂಚಕವೇ ಎನ್ನುತ್ತದೆ ವ್ಯಾಸಭಾಷ್ಯ. ಇಂಗ್ಲಿಷಿನ ‘ನೌ’ ಎರಡು ಕಡೆಯೂ ಸಲೀಸಾಗಿ ಕುಳಿತುಬಿಡುತ್ತದೆ, ಅದೇ ಅದರ ಜಾಣತನ. ನಾನು ಮೊದಲನೆಯದಕ್ಕೆ ‘ಅನಂತರ’ ಎಂದೂ ಎರಡನೆಯದಕ್ಕೆ ‘ಇನ್ನು’ ಎಂದೂ ಬರೆದೆ. ಅಂದಹಾಗೆ, ‘ನೌ’ ಮತ್ತು ಸಂಸ್ಕೃತದ ‘ನು’ ಒಂದೇ ಬೇರಿನವು. ಲ್ಯಾಟಿನ್ನಿನ ‘ನುಂಕ್’ ಕೂಡ ಅದೇ ಬಳಗದ್ದು. ನಮ್ಮ ‘ಈಗ’ದ ಮನೆತನ ಬೇರೆ, ಅದು ಹಳಗನ್ನಡದ ‘ಈಗಳ್’ನಿಂದ ಬಂದದ್ದು.

ಇಷ್ಟೆಲ್ಲ ತಿಳಿದ ಮೇಲೂ ಜಾರಿಬಿದ್ದೆ. ಒಂದು ಸಂಸ್ಥೆಯ ವಾರ್ತಾಪತ್ರದಲ್ಲಿ ಹಿರಿಯ ಅಧಿಕಾರಿಯೊಬ್ಬರು ‘ನೌ’ ದೀರ್ಘ ರಜೆಯಲ್ಲಿದ್ದಾರೆ ಎಂದಿತ್ತು. ‘ಈಗ’ ಬಹಳ ಸಲ ಬಂದುಬಿಟ್ಟಿದೆ ಎಂದು ‘ಸದ್ಯ’ ಹಾಕಿದೆ, ಓದಲು ಹಿತವಾಗಿರಲೆಂದು ಅದರ ಮುಂದೊಂದು ಅಲ್ಪವಿರಾಮವನ್ನೂ ಇಟ್ಟೆ. ‘ಸದ್ಯ, ಅವರು ದೀರ್ಘ ರಜೆಯಲ್ಲಿದ್ದಾರೆ’ ಎಂದು ಅಚ್ಚಾಯಿತು. ಬಸ್ ಸಿಕ್ಕಾಗ, ಮಳೆ ನಿಂತಾಗ ನಾವು ಉಸಿರು ಬಿಟ್ಟು ಹೇಳುವ ‘ಸದ್ಯ’ವೂ ಅದೇ ಎಂಬುದು ನನಗೆ ಹೊಳೆಯಲೇ ಇಲ್ಲ. ಮೂರನೆಯ ದಿನ ಆ ಅಧಿಕಾರಿಯೇ ಫೋನ್ ಮಾಡಿದರು. ‘ನನ್ನ ರಜೆಯಿಂದ ನಿಮಗೆ ಅಷ್ಟೊಂದು ನೆಮ್ಮದಿಯೇ?’ ಎಂದು ಕೇಳಿದರು.